ಕೈಗೆಟುಕಿದ ಮೆಟ್ಟಿಲು

ಮಹಾಲಯ ಅಮಾವಾಸ್ಯೆಯ ಸಂಜೆ. ಎಡೆ, ತರ್ಪಣ ಎಲ್ಲ ಮುಗಿದು ಮನೆ ತೊಳೆದಾಗಿದೆ. ಮೈಸೂರಿನ ಚಾಮರಾಜಪುರಂನ ನನ್ನ ತವರುಮನೆಯ ನಡುಮನೆಯಲ್ಲಿ ಅಪ್ಪ ಅಟ್ಟದಿಂದ ಎರಡು ತಗಡಿನ ಟ್ರಂಕು ಇಳಿಸಿ ಸೊಂಟ ಹಿಡಿದುಕೊಂಡು ನಿಂತಿದ್ದಾರೆ. ಅಮ್ಮ ಚಿಲಕ ತೆಗೆಯುತ್ತಿದ್ದ ಹಾಗೆ ಒಣಗಿದ ಬೇವಿನೆಲೆ, ಲವಂಗ, ಹಳೇ ಹತ್ತಿ ಬಟ್ಟೆ ಮೂರೂ ಬೆರೆತ ಒಂದು ವಾಸನೆ ಎದ್ದಿತು. ನನಗೆ ದಸರಾ ಶುರುವಾಗುವುದೇ ಈ ವಾಸನೆಯಿಂದ. ಎರಡೂವರೆ ವರ್ಷದ ನನ್ನ ಮಗಳು ಪುಟ್ಟಿ ಟ್ರಂಕಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು ಒಳಗೆ ಇಣುಕಿದಳು. ಸೀರೆ ತುಂಡುಗಳಲ್ಲಿ ಸುತ್ತಿಟ್ಟ ಬೊಂಬೆಗಳು ಒಂದರ ಪಕ್ಕ ಒಂದು ಮಲಗಿದ್ದವು. ಅವಳು ತುಟಿಯ ಮೇಲೆ ಬೆರಳಿಟ್ಟು ನಮ್ಮೆಲ್ಲರಿಗೂ "ಶ್" ಅಂದಳು. ಬೊಂಬೆಗಳು ನಿದ್ದೆ ಮಾಡುತ್ತಿವೆಯಂತೆ.

ಹಳೇ ಮೈಸೂರಿನ ಕಡೆ ಮಗಳ ಮದುವೆಗೆ ತವರಿನವರು ಒಂದು ಜೊತೆ ಪಟ್ಟದ ಗೊಂಬೆ ಕೊಡುವುದು ರೂಢಿ. ರಾಜ, ರಾಣಿ. ರಕ್ತಚಂದನದ ಮರದಲ್ಲಿ ಕಡೆದವು. ನಮ್ಮ ಟ್ರಂಕಿನಲ್ಲಿ ಅಂಥವು ಮೂರು ಜೊತೆ ಇವೆ: ಅಜ್ಜಿಯದು, ಅಮ್ಮನದು, ನನ್ನದು. ಅಜ್ಜಿಯ ರಾಣಿಯ ಮೂಗು ಸವೆದು ನುಣ್ಣಗಾಗಿದೆ. ನಾವೆಲ್ಲ ಹಲ್ಲು ಬರುವಾಗ ಕಚ್ಚಿದ ಮೂಗು ಅದು ಎಂದು ಅಮ್ಮ ಪ್ರತಿ ವರ್ಷ ಹೇಳುತ್ತಾಳೆ, ಪ್ರತಿ ವರ್ಷವೂ ನಾವು ಹೊಸದಾಗಿ ಕೇಳುತ್ತೇವೆ. ನನ್ನ ಜೊತೆಯನ್ನು ಬೆಂಗಳೂರಿನ ಫ್ಲಾಟಿಗೆ ಒಯ್ದಿಲ್ಲ. ಮೂರು ಜೊತೆಯೂ ಒಂದೇ ಮೆಟ್ಟಿಲ ಮೇಲೆ ಕೂರುವುದನ್ನು ನೋಡಬೇಕು ಅಂತಲೇ ಇಲ್ಲಿ ಬಿಟ್ಟಿದ್ದೇನೆ.

ಬಟ್ಟೆ ಉಡಿಸುವುದು ಅಮ್ಮನ ಕೆಲಸ. ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಳು. ರಾಣಿ ಇರುವುದು ಒಂದು ಗೇಣು. ಹಳೇ ರೇಷ್ಮೆ ಸೀರೆಯ ಅಂಚು ಕತ್ತರಿಸಿಟ್ಟುಕೊಂಡು, ತೆಂಗಿನ ಕಡ್ಡಿಗೆ ಸುತ್ತಿ ಸುತ್ತಿ ಬೆರಳಗಲದ ನೆರಿಗೆ ಹಿಡಿಯುತ್ತಾಳೆ. ಗುಂಡುಪಿನ್ನು ತುಟಿಯ ನಡುವೆ. ಮಾತಾಡಿಸಿದರೆ ಹೂಂ ಮಾತ್ರ. ನೆರಿಗೆ ಸೊಂಟಕ್ಕೆ ಕೂತ ಮೇಲೆ ಸೆರಗು, ಸೆರಗಾದ ಮೇಲೆ ಕಪ್ಪು ಉಣ್ಣೆದಾರದ ಜಡೆ, ಜಡೆಯ ತುದಿಗೆ ಕುಚ್ಚು. ರಾಜನಿಗೆ ಜರಿ ಅಂಗಿ, ಪೇಟ. ಈ ಸಲ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಪುಟ್ಟಿಗೆ ಒಂದು ಕೆಲಸ ಸಿಕ್ಕಿತು. ಅಮ್ಮ ಕೇಳಿದಾಗ ಒಂದೊಂದೇ ಪಿನ್ನು ಡಬ್ಬಿಯಿಂದ ತೆಗೆದುಕೊಡುವುದು. ನಾನು ಪಿನ್ನು ಎಂದೊಡನೆ ಗಾಬರಿಯಾಗಿ ಕೈ ಚಾಚಿದೆ. "ಬಿಡೇ, ಕಲಿತಾಳೆ," ಎಂದಳು ಅಮ್ಮ, ತುಟಿಯ ಪಿನ್ನು ತೆಗೆದು. ಆರು ಬೊಂಬೆ ಮುಗಿಯುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಒಂದು ಪಿನ್ನೂ ಕೆಳಗೆ ಬೀಳಲಿಲ್ಲ.

ನಮ್ಮ ಮನೆಯಲ್ಲಿ ಏಳು ಮೆಟ್ಟಿಲು. ಟ್ರಂಕು, ಹಲಗೆ, ಸ್ಟೂಲು ಜೋಡಿಸಿ ಮೇಲೆ ಬಿಳಿ ಪಂಚೆ ಹಾಸಿದ್ದು. ಪುಟ್ಟಿ ಬೆಳೆದದ್ದನ್ನು ನಾವು ಅಳೆಯುವುದು ಈ ಮೆಟ್ಟಿಲಲ್ಲೇ. ಯುಗಾದಿಯ ಆಸುಪಾಸಿನಲ್ಲಿ ಹುಟ್ಟಿದವಳು. ಮೊದಲ ದಸರೆಗೆ ಆರು ತಿಂಗಳು, ಬೋರಲು ಬಿದ್ದು ಕತ್ತೆತ್ತಿ ಬೊಂಬೆಗಳನ್ನು ನೋಡುತ್ತಿದ್ದಳು. ಅನ್ನಪ್ರಾಶನವನ್ನು ಆ ಮೆಟ್ಟಿಲ ಮುಂದೆಯೇ ಮಾಡಿದೆವು. ಎರಡನೆಯ ದಸರೆಗೆ ನಡಿಗೆ ಬಂದಿತ್ತು. ಕೆಳಗಿನ ಮೆಟ್ಟಿಲಲ್ಲಿ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿ, ಶೆಟ್ಟಿಗಿತ್ತಿಯ ಮೇಲೆ ದಾಳಿಯಾಗಿ ಅಕ್ಕಿ, ತೊಗರಿಬೇಳೆ, ಬೆಲ್ಲ, ಉಪ್ಪು ಎಲ್ಲ ಒಂದಾಗಿದ್ದವು. ಅಮ್ಮ ಅಂಗಡಿಯನ್ನು ಎರಡನೆಯ ಮೆಟ್ಟಿಲಿಗೆ ಏರಿಸಿದ್ದಳು. ಈ ವರ್ಷ ಪುಟ್ಟಿಯ ಕೈ ಮೂರನೆಯದಕ್ಕೂ ಎಟುಕುತ್ತದೆ. ಶೆಟ್ಟರ ಅಂಗಡಿ ನಾಲ್ಕಕ್ಕೆ ಹೋಯಿತು.

ನಾವು ಬಂದದ್ದು ಅಮಾವಾಸ್ಯೆಗೆ ಮೂರು ದಿನ ಮೊದಲೇ. ಚಿಕ್ಕ ಮಕ್ಕಳಿರುವವರಿಗೆ ನನ್ನ ಮೊದಲ ಮಾತು ಇದೇ: ದಸರೆಗೆ ಮೈಸೂರಿಗೆ ಬರುವುದಾದರೆ ಹಬ್ಬ ಶುರುವಾಗುವ ಮೊದಲೇ ಬನ್ನಿ. ಜಂಬೂಸವಾರಿಯನ್ನೇ ಗುರಿ ಮಾಡಿಕೊಂಡು ಬರಬೇಡಿ. ಹೋದ ವರ್ಷ ನಾನು ಮಾಡಿದ ತಪ್ಪು ಅದೇ. ಒಂದೂವರೆ ವರ್ಷದ ಮಗುವನ್ನು ಅವಳ ಅಪ್ಪನ ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆ ನೋಡಲು ರಸ್ತೆಗೆ ಇಳಿದಿದ್ದೆವು. ಬಿಸಿಲು, ನೂಕುನುಗ್ಗಲು, ಪೀಪಿಯ ಸದ್ದು. ಮಗು ಉಸಿರು ಕಟ್ಟಿ ಅಳತೊಡಗಿತು. ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಕಟಕಟೆ. ಬಟ್ಟೆ ಅಂಗಡಿಯವರೊಬ್ಬರು ಅರ್ಧ ಎಳೆದಿದ್ದ ಶಟರ್ ಎತ್ತಿ ನಮ್ಮನ್ನು ಒಳಗೆ ಕರೆದು ನೀರು ಕೊಟ್ಟರು. ಅಂಬಾರಿ ಆ ಶಟರ್‌ನ ಆಚೆಯೇ ಹಾದುಹೋಯಿತು. ನನ್ನ ಕಣ್ಣೆಲ್ಲ ಮಗುವಿನ ಎದೆ ಏರಿಳಿಯುವುದರ ಮೇಲೇ ಇತ್ತು.

ಈ ಸಲ ತಾಲೀಮು ನೋಡಲು ಹೋದೆವು. ನಾಡಹಬ್ಬಕ್ಕೆ ಒಂದೂವರೆ, ಎರಡು ತಿಂಗಳ ಮುಂಚೆಯೇ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಊರಿಗೆ ಬಂದಿರುತ್ತವೆ. ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯನ್ನು ದಿನವೂ ನಡೆಸಿ ರೂಢಿ ಮಾಡಿಸುತ್ತಾರೆ. ಬೆಳಿಗ್ಗೆ ಏಳೂವರೆಗೆ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಎದುರಿನ ಫುಟ್‌ಪಾತಿನಲ್ಲಿ ನಿಂತೆವು. ರಾತ್ರಿ ಹಸ್ತ ಮಳೆ ಒಂದು ಹದ ಬಿದ್ದು ರಸ್ತೆ ಒದ್ದೆಯಾಗಿತ್ತು. ಹೂವಿನವರು ಮೂಟೆ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಕಾಫಿ ಕುಡಿಯುವ ನಾಲ್ಕು ಜನ, ಹಾಲಿನ ಸೈಕಲ್ಲು, ಶಾಲೆಗೆ ಹೊರಟ ಮಕ್ಕಳು. ಇಷ್ಟೇ ಜನ.

ಮೊದಲು ಕೇಳಿಸಿದ್ದು ಸರಪಳಿಯ ಸದ್ದು. ಆಮೇಲೆ ಕೆ.ಆರ್. ವೃತ್ತದ ಕಡೆಯಿಂದ ಸಾಲಾಗಿ ಬಂದವು. ಮುಂದೆ ಅಭಿಮನ್ಯು. ಐದು ಸಾವಿರ ಕಿಲೋ ಮೀರಿದ ಮೈ, ಆದರೂ ಕಾಲಿಟ್ಟ ಸದ್ದೇ ಇಲ್ಲ. 2020ರಿಂದ ಅಂಬಾರಿ ಹೊರುತ್ತಿರುವವನು ಅವನೇ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಒಂದೇ ಸಲಕ್ಕೆ ಹೊರಿಸುವುದಿಲ್ಲ. ಬೆನ್ನಿನ ಮೇಲೆ ನಮ್ದಾ, ಅದರ ಮೇಲೆ ಗಾದಿ, ಗಾದಿಯ ಮೇಲೆ ತೊಟ್ಟಿಲು ಕಟ್ಟಿ, ಅದರೊಳಗೆ ಮರಳಿನ ಮೂಟೆ ತುಂಬಿ, ದಿನದಿಂದ ದಿನಕ್ಕೆ ಭಾರ ಏರಿಸುತ್ತಾ ಹೋಗುತ್ತಾರೆ. ಮರಳು ಹೊತ್ತು ನಡೆಯುವ ಆ ಚೌಕಟ್ಟಿನ ಹೆಸರು ತೊಟ್ಟಿಲೇ. ಅಪ್ಪ ಹಾಗೆಂದು ತೋರಿಸಿದಾಗ ಪುಟ್ಟಿಗೆ ಅದೊಂದೇ ಮಾತು ಅರ್ಥವಾಯಿತು. "ತೊಟ್ಟಿಲಲ್ಲಿ ಪಾಪು ಇದೆಯಾ?" ಎಂದು ಕೇಳಿದಳು. ಮರಳು ಇದೆ ಅಂದರೆ ಒಪ್ಪಲಿಲ್ಲ. ಆನೆಗಳು ಆಯುರ್ವೇದ ಕಾಲೇಜು ವೃತ್ತದ ಕಡೆ ತಿರುಗಿ ಕಾಣದಾಗುವವರೆಗೂ ಪಾಪುವಿಗೆ ಟಾಟಾ ಮಾಡುತ್ತಲೇ ಇದ್ದಳು.

ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವರಿಗೆ ಅರ್ಜುನ ಇಷ್ಟ. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತವನು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಕರೆದೊಯ್ದಾಗ ಕಾಡಾನೆಯ ದಾಳಿಗೆ ಸಿಕ್ಕಿ ಸತ್ತ. ಆ ಸುದ್ದಿ ಬಂದ ದಿನ ಅಪ್ಪ ಊಟ ಮಾಡಿರಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದ್ರೋಣನನ್ನು, ಬಲರಾಮನನ್ನು ತೋರಿಸಿದ ಅಪ್ಪ ಈಗ ಮೊಮ್ಮಗಳಿಗೆ ಅಭಿಮನ್ಯುವನ್ನು ತೋರಿಸುತ್ತಿದ್ದಾರೆ. ಮೈಸೂರಿನವರು ತಮ್ಮ ವಯಸ್ಸನ್ನು ಆನೆಗಳ ಹೆಸರಿನಲ್ಲಿ ಹೇಳಬಲ್ಲರು.

ತಾಲೀಮು ಮುಗಿಸಿ ಬಂದ ಆನೆಗಳಿಗೆ ಅರಮನೆ ಆವರಣದಲ್ಲಿ ಮೇವು. ಆ ಹೊತ್ತಿಗೆ ನಾವೂ ಟಿಕೆಟ್ ಪಡೆದು ಒಳಗೆ ಹೋಗಿದ್ದೆವು. ಕಾವಾಡಿಯೊಬ್ಬರು ನೆಲದ ಮೇಲೆ ಕೂತು ಕುಸುರೆ ಕಟ್ಟುತ್ತಿದ್ದುದು ದೂರದಿಂದ ಕಾಣಿಸಿತು. ಭತ್ತದ ಹುಲ್ಲನ್ನು ಹಿಡಿಗಟ್ಟಲೆ ಬಿಡಿಸಿ, ನಡುವೆ ಭತ್ತ, ಬೆಲ್ಲ, ಹಿಂಡಿ, ತೆಂಗಿನಕಾಯಿ ಇಟ್ಟು, ಹುಲ್ಲನ್ನೇ ತಿರುಚಿ ಬಿಗಿದು ಗಂಟು ಹಾಕುವುದು. ಹೆಂಗಸರು ಸೀರೆಗೆ ಗಂಟು ಹಾಕುವಷ್ಟೇ ಸಲೀಸಾಗಿ ಆ ಕೈ ಓಡುತ್ತಿತ್ತು. ಮಾವುತರು, ಕಾವಾಡಿಗಳು ಒಬ್ಬೊಬ್ಬರೇ ಬರುವುದಿಲ್ಲ. ಹೆಂಡತಿ ಮಕ್ಕಳ ಸಮೇತ ಕಾಡಿನ ಕ್ಯಾಂಪುಗಳಿಂದ ಬಂದು ಹಬ್ಬ ಮುಗಿಯುವವರೆಗೆ ಇಲ್ಲೇ ತಾತ್ಕಾಲಿಕ ಬಿಡಾರಗಳಲ್ಲಿ ಇರುತ್ತಾರೆ. ಜೇನುಕುರುಬರ ಮನೆಗಳ ಮಕ್ಕಳು ಇವರಲ್ಲಿ ಬಹಳ. ಅವರ ಪಾಠ ನಿಲ್ಲದಿರಲಿ ಎಂದು ಆವರಣದಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಪುಟ್ಟಿಯ ವಯಸ್ಸಿನ ಒಂದು ಹುಡುಗಿ ಬಿಡಾರದ ಮುಂದೆ ಜೋಲಿಯಲ್ಲಿದ್ದ ತಮ್ಮನನ್ನು ಒಂದು ಕೈಯಲ್ಲಿ ತೂಗುತ್ತಾ, ಇನ್ನೊಂದು ಕೈಯಲ್ಲಿ ಬಿಸ್ಕತ್ತು ತಿನ್ನುತ್ತಾ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದರು. ದಸರೆಯ ಲೆಕ್ಕದಲ್ಲಿ ಬೆಳೆಯುವ ಮಕ್ಕಳು ನಮ್ಮ ಮನೆಯಲ್ಲಿ ಮಾತ್ರವೇ ಇರುವುದಲ್ಲ ಅನ್ನಿಸಿತು. ಆ ಹುಡುಗಿಗೆ ಅರಮನೆಯೆಂದರೆ ಅವಳ ಅಪ್ಪ ಕೆಲಸಕ್ಕೆ ಬರುವ ಊರಿನ ಅಂಗಳ.

ಪಾಡ್ಯದ ಬೆಳಿಗ್ಗೆ ಕಲಶ ಇಟ್ಟು, ಪಟ್ಟದ ಗೊಂಬೆಗಳನ್ನು ಏಳನೆಯ ಮೆಟ್ಟಿಲಿಗೆ ಏರಿಸಿದೆವು. ಕೆಳಗೆ ನೆಲದ ಮೇಲೆ ಪಾರ್ಕು. ಅಗಲವಾದ ತಟ್ಟೆಗೆ ಮಣ್ಣು ತುಂಬಿ ಪುಟ್ಟಿಯ ಕೈಯಲ್ಲೇ ರಾಗಿ ಚೆಲ್ಲಿಸಿದ್ದೆವು. ನಾಲ್ಕನೆಯ ದಿನಕ್ಕೆ ಹಸಿರು ಕಾಣಿಸಿತು. ಅವಳು ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ಕೂದಲು ಬಂತು," ಎಂದಳು. ಚೌಲವಾಗಿ ಇನ್ನೂ ಆರು ತಿಂಗಳಾಗಿಲ್ಲ. ಅವಳ ತಲೆಯೂ ಈಗ ಹಾಗೆಯೇ ಇದೆ.

ಸಂಜೆಯ ಆರತಿ ಆಗುತ್ತಿದ್ದ ಹಾಗೆ ಬೀದಿಯಲ್ಲಿ ಮಕ್ಕಳ ಗುಂಪು. "ಬೊಂಬೆ ಕೂರ್ಸಿದೀರಾ?" ಎಂದು ಗೇಟಿನಲ್ಲಿ ಕೂಗು. ಒಳಗೆ ಬಂದು ಬೊಂಬೆ ನೋಡಿದ ಮಕ್ಕಳಿಗೆ ಚರ್ಪು ಕೊಡಬೇಕು. ಒಂದು ದಿನ ಕಡಲೆಕಾಳು ಉಸಲಿ, ಒಂದು ದಿನ ಕೊಬ್ಬರಿ ಮಿಠಾಯಿ, ಒಂದು ದಿನ ಕೋಡುಬಳೆ, ರವೆ ಉಂಡೆ, ತಂಬಿಟ್ಟು. ನಾವು ಚಿಕ್ಕವರಾಗಿದ್ದಾಗ ಒಂದೇ ಸಂಜೆ ಇಪ್ಪತ್ತು ಮನೆ ಸುತ್ತಿ, ಲಂಗದ ಮಡಿಲಲ್ಲಿ ಚರ್ಪು ತುಂಬಿಕೊಂಡು ಬರುತ್ತಿದ್ದೆವು. ಈಗ ನಮ್ಮ ಬೀದಿಯಲ್ಲಿ ಬೊಂಬೆ ಕೂರಿಸುವವರು ಐದಾರು ಮನೆಯವರು. ಹೆಚ್ಚಿನವು ವಯಸ್ಸಾದ ದಂಪತಿಗಳು ಇಬ್ಬರೇ ಇರುವ ಮನೆಗಳು. ಎದುರು ಮನೆಯ ಅಜ್ಜಿಗೆ ಎಂಬತ್ತರ ಹತ್ತಿರ. ಮೊಮ್ಮಕ್ಕಳು ಅಮೆರಿಕದಲ್ಲಿ. ಆದರೂ ಐದು ಮೆಟ್ಟಿಲು ಕಟ್ಟಿದ್ದಾರೆ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳ ಒಂದು ಸಂತೆಯನ್ನೇ ಹೂಡಿದ್ದಾರೆ. ಪುಟ್ಟಿ ಕೈ ಚಾಚಿದಾಗ ನಾನು ತಡೆಯಲು ಹೋದೆ. "ಮುಟ್ಟಲಿ ಬಿಡಮ್ಮ, ಮುಟ್ಟದೆ ಇದ್ರೆ ಬೊಂಬೆಗೆ ಬೇಜಾರಾಗತ್ತೆ," ಎಂದರು. ಅವಳು ಎತ್ತಿನಗಾಡಿಯನ್ನು ಐದು ನಿಮಿಷ ಹಾಸಿನ ಮೇಲೆ ಓಡಿಸಿ, ಯಾರೂ ಹೇಳದೆಯೇ ಇದ್ದ ಜಾಗದಲ್ಲೇ ಇಟ್ಟಳು. ಅಜ್ಜಿ ಅವಳ ಅಂಗೈಯಲ್ಲಿ ಉಸಲಿ ಹಾಕಿ, ಬೆರಳುಗಳನ್ನು ತಾವೇ ಮಡಚಿಸಿದರು. ಮನೆಯ ತನಕ ಆ ಮುಷ್ಟಿ ಬಿಚ್ಚಲಿಲ್ಲ. ದಸರೆಗೆ ಬರುವವರಿಗೆ ಹೋಟೆಲು, ಬಸ್ಸು, ವೇಳಾಪಟ್ಟಿ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ, ಮೈಸೂರಿನಲ್ಲಿ ನಿಮಗೆ ಗೊತ್ತಿರುವ ಒಂದು ಮನೆಯಿದ್ದರೂ ಸಾಕು, ಮಗುವಿನ ಕೈ ಹಿಡಿದು ಸಂಜೆ ಆರೂವರೆಗೆ ಆ ಬೀದಿಗೆ ಹೋಗಿ ಎನ್ನುತ್ತೇನೆ.

ಪರಿಚಯದ ಮನೆ ಇಲ್ಲದವರಿಗೆ ಮೃಗಾಲಯದ ಎದುರು, ನಜರಬಾದ್ ಮುಖ್ಯರಸ್ತೆಯಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರ ಬೊಂಬೆ ಮನೆ ಇದೆ. ಬೊಂಬೆ ಕೊಳ್ಳಲೂಬಹುದು, ಸುಮ್ಮನೆ ನೋಡಿಯೂ ಬರಬಹುದು. ನಾವು ಅಲ್ಲಿಂದ ಒಂದು ಮಣ್ಣಿನ ಜಿರಾಫೆ ತಂದೆವು. ತಂದ ಮೇಲೆ ನಿಜವಾದ ಜಿರಾಫೆ ತೋರಿಸದೆ ಇರಲಾದೀತೆ?

ಶ್ರೀ ಚಾಮರಾಜೇಂದ್ರ ಮೃಗಾಲಯ 1892ರದ್ದು. ಹತ್ತನೆಯ ಚಾಮರಾಜ ಒಡೆಯರು ಅರಮನೆಗೆ ಸೇರಿದ ಹತ್ತು ಎಕರೆಯಲ್ಲಿ ಆರಂಭಿಸಿದ್ದು, ಈಗ 157 ಎಕರೆಗೆ ಹಬ್ಬಿದೆ. ಮಂಗಳವಾರ ರಜೆ, ದಸರಾ ದಿನಗಳಲ್ಲಿ ಮಂಗಳವಾರವೂ ಸಾಮಾನ್ಯವಾಗಿ ತೆರೆದಿರುತ್ತದೆ. ಮಧ್ಯಾಹ್ನ ಹೋದರೆ ಜನರ ಬೆನ್ನು ಮಾತ್ರ ಕಾಣುತ್ತದೆ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವಾಗ ಅಲ್ಲಿರಿ. ಪ್ಲಾಸ್ಟಿಕ್ಕಿಗೆ ಒಳಗೆ ಅವಕಾಶವಿಲ್ಲ, ಬ್ಯಾಗು ನೋಡುತ್ತಾರೆ. ಅಮ್ಮ ಚಪಾತಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಳಿಸಿದ್ದಳು. ಒಳಗೆ ನಡೆದೂ ನಡೆದೂ ಕಾಲು ಸೋಲುತ್ತದೆ. ಎಲ್ಲವನ್ನೂ ತೋರಿಸಿಬಿಡಬೇಕು ಅನ್ನುವ ಆಸೆ ಬಿಟ್ಟುಬಿಡಿ. ನಾವು ಎರಡು ಗಂಟೆಯಲ್ಲಿ ನೋಡಿದ್ದು ಮೂರೇ ಮೂರು ಪ್ರಾಣಿ. ಜಿರಾಫೆಯ ಮುಂದೆಯೇ ಮುಕ್ಕಾಲು ಗಂಟೆ. ಅದು ಎತ್ತರದಲ್ಲಿ ಕಟ್ಟಿದ ಸೊಪ್ಪಿಗೆ ನಾಲಿಗೆ ಚಾಚಿದಾಗ ಆ ನಾಲಿಗೆ ಕಪ್ಪಗಿದ್ದದ್ದು ಪುಟ್ಟಿಗೆ ಕಂಡಿತು. "ನೇರಳೆಹಣ್ಣು ತಿಂದಿದೆ," ಎಂದಳು. ಆಷಾಢದಲ್ಲಿ ಅವಳ ನಾಲಿಗೆಯೂ ಹಾಗಾಗಿತ್ತು, ಕನ್ನಡಿಯಲ್ಲಿ ತೋರಿಸಿದ್ದೆವು. ಮೂರು ತಿಂಗಳ ಹಿಂದಿನದನ್ನು ನೆನಪಿಟ್ಟು ಕಣ್ಣೆದುರಿನದಕ್ಕೆ ಹೊಂದಿಸಿದ್ದು ಅವತ್ತೇ ಮೊದಲು. ನಾನು, ಇವರು ಮುಖ ಮುಖ ನೋಡಿಕೊಂಡೆವು. ಇವರು ಜೇಬಿನಿಂದ ಫೋನ್ ತೆಗೆದವರು ಮತ್ತೆ ಒಳಗಿಟ್ಟರು. ಫೋಟೋದಲ್ಲಿ ಹಿಡಿಯುವಂಥದ್ದು ಏನೂ ಅಲ್ಲಿರಲಿಲ್ಲ.

ರೈಲು ವಸ್ತುಸಂಗ್ರಹಾಲಯಕ್ಕೆ ಇನ್ನೊಂದು ಬೆಳಿಗ್ಗೆ ಸಾಕು. 1979ರಲ್ಲಿ ಶುರುವಾದದ್ದು, ನಿಲ್ದಾಣಕ್ಕೆ ಹತ್ತಿರ. 1899ರ ಮಹಾರಾಣಿಯವರ ಸಲೂನ್ ಬೋಗಿ ದೊಡ್ಡವರಿಗೆ, ಪುಟಾಣಿ ರೈಲು ಚಿಕ್ಕವರಿಗೆ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಈ ಹತ್ತು ದಿನದಲ್ಲಿ ಹೋಗುವ ಅಗತ್ಯವೇ ಇಲ್ಲ. 1880ರಲ್ಲಿ ಆರಂಭವಾದ ಪ್ರದರ್ಶನ ಅದು, ಹಬ್ಬ ಮುಗಿದ ಮೇಲೂ ಎರಡು ತಿಂಗಳಿಗೆ ಕಡಿಮೆಯಿಲ್ಲದಂತೆ ನಡೆಯುತ್ತದೆ. ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಹೋಗಿ, ಮಗುವಿನ ಮುಖಕ್ಕಿಂತ ದೊಡ್ಡದಾದ ದೆಹಲಿ ಹಪ್ಪಳ ಕೊಡಿಸಿಕೊಂಡು ನಿಧಾನವಾಗಿ ಸುತ್ತಬಹುದು.

ಅರಮನೆಯ ದೀಪ ಮಾತ್ರ ಬಿಡಬಾರದು. ಪಂಚಮಿಯ ಸಂಜೆ ಆರೂಕಾಲಿಗೇ ಹೋಗಿ ಅಂಗಳದ ಒಂದು ಅಂಚಿನಲ್ಲಿ ಜಮಖಾನ ಹಾಸಿ ಕೂತೆವು. ಮುಂದಿನ ವೇದಿಕೆಯಲ್ಲಿ ಯಾರೋ ಪಿಟೀಲು ಶ್ರುತಿ ಮಾಡಿಕೊಳ್ಳುತ್ತಿದ್ದರು. ಕತ್ತಲು ಕವಿಯುತ್ತಾ ಅರಮನೆ ಬೂದುಬಣ್ಣದ ಗುಡ್ಡದಂತೆ ನಿಂತಿತ್ತು. ಇದಕ್ಕೂ ಮುಂಚೆ ಇಲ್ಲಿ ಮರದ ಅರಮನೆಯಿತ್ತು, 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು, ಹೆನ್ರಿ ಇರ್ವಿನ್ ನಕ್ಷೆಯಂತೆ ಈಗಿನದು ಎದ್ದು ಮುಗಿದದ್ದು 1912ಕ್ಕೆ ಎಂದು ಅಪ್ಪ ನನ್ನ ಗಂಡನಿಗೆ ಹೇಳುತ್ತಿದ್ದರು. ಧಾರವಾಡದ ಅಳಿಯ ಮೂರನೆಯ ವರ್ಷವೂ ಅದೇ ಕಥೆಯನ್ನು "ಹೌದೇನ್ರಿ" ಎನ್ನುತ್ತಾ ಶ್ರದ್ಧೆಯಿಂದ ಕೇಳಿದರು. ಅಷ್ಟರಲ್ಲಿ ಏಳು ಗಂಟೆ. ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲಕ್ಕೆ ಹತ್ತಿಕೊಂಡವು. ಒಂದೊಂದಾಗಿ ಅಲ್ಲ, ಕೆಳಗಿನಿಂದ ಮೇಲಕ್ಕೂ ಅಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಅಂಗಳದಲ್ಲಿದ್ದ ಸಾವಿರಾರು ಜನರ ಗಂಟಲಿನಿಂದ "ಓ" ಎಂದು ಒಂದೇ ಉದ್ಗಾರ. ನಾನು ಆ ಉದ್ಗಾರವನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಪುಟ್ಟಿ ಅರಮನೆ ನೋಡಲಿಲ್ಲ. ತಿರುಗಿ ನನ್ನ ಮುಖ ನೋಡಿದಳು. ಆ ದೀಪವೆಲ್ಲ ಅವಳಿಗೆ ಮೊದಲು ಕಂಡಿದ್ದು ನನ್ನ ಕನ್ನಡಕದಲ್ಲಿ. ಅದರ ಮೇಲೆ ಬೆರಳಿಟ್ಟು ನೋಡಿ, ಆಮೇಲೆ ತಿರುಗಿದಳು.

ಆಯುಧಪೂಜೆಯ ಹಿಂದಿನ ದಿನ ದೇವರಾಜ ಮಾರುಕಟ್ಟೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಕಾಲಿಟ್ಟರೆ ಸೇವಂತಿಗೆಯ ಗುಡ್ಡ, ಚೆಂಡುಹೂವಿನ ಗುಡ್ಡ, ಬೂದುಗುಂಬಳದ ರಾಶಿ, ಬಾಳೆಕಂದು. ಮಗುವನ್ನು ಕರೆದೊಯ್ಯಲಿಲ್ಲ, ಅಮ್ಮ ನಾನು ಇಬ್ಬರೇ ಹೋದೆವು. ಮೊಳ ಹಾಕುವಾಗ ಹೂವಾಡಗಿತ್ತಿ, "ನಿಮ್ಮ ಮಗಳಾ? ಬಾಣಂತನಕ್ಕೆ ಬಂದಾಗ ನೋಡಿದ್ದೆ," ಎಂದು ಗುರುತು ಹಿಡಿದರು. ಅಳೆದದ್ದರ ಮೇಲೆ ಒಂದು ಗೇಣು ಮೈಸೂರು ಮಲ್ಲಿಗೆ ಹೆಚ್ಚಾಗಿ ಬಂತು.

ಅವತ್ತೇ ರಾತ್ರಿ ರೈಲಿಗೆ ಧಾರವಾಡದಿಂದ ಹೊರಟ ಬೀಗರು ಬೆಳಿಗ್ಗೆ ಬಂದಿಳಿದರು. ಮಾವನವರ ಕೈಯಲ್ಲಿ ಪೇಢೆಯ ಡಬ್ಬಿ, ಅತ್ತೆಯ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಬನ್ನಿಯ ಟೊಂಗೆ. ಅತ್ತೆ ಚಪ್ಪಲಿ ಬಿಟ್ಟವರೇ ಮೆಟ್ಟಿಲುಗಳ ಮುಂದೆ ನಿಂತು, "ಏನ್ ಛಂದ ಕುಂತಾವ್ರಿ ಇವು! ನಮ್ಮ ಕಡೆ ಹಿಂಗ ಇಡೂದಿಲ್ಲ ನೋಡ್ರಿ," ಎಂದರು. "ಕೂತ್ಕೊಳ್ಳಿ, ಮೊದಲು ಕಾಫಿ ತಗೊಳ್ಳಿ," ಎಂದಳು ಅಮ್ಮ. ಅಷ್ಟರಲ್ಲಿ ಪುಟ್ಟಿ ಓಡಿಬಂದು, "ಆಯಿ, ಪಿನ್ ನಾನ್ ಕೊಟ್ಟೆ," ಎಂದು ವರದಿ ಒಪ್ಪಿಸಿದಳು. ಆಯಿಗೆ ಪಿನ್ನು ಯಾವುದು ಎಂದು ತಿಳಿಯಲಿಲ್ಲ. ಆದರೂ ಎತ್ತಿಕೊಂಡು ದೃಷ್ಟಿ ನಿವಾಳಿಸಿದರು.

ಆಯುಧಪೂಜೆಗೆ ಅಪ್ಪನ ಸ್ಕೂಟರ್, ನಮ್ಮ ಕಾರು, ಅಮ್ಮನ ಹೊಲಿಗೆ ಯಂತ್ರ, ಇವರ ಲ್ಯಾಪ್‌ಟಾಪು, ಅಡುಗೆಮನೆಯ ಈಳಿಗೆಮಣೆ ಎಲ್ಲಕ್ಕೂ ಅರಿಶಿನ ಕುಂಕುಮ. ಕೊನೆಯಲ್ಲಿ ಪುಟ್ಟಿಯ ಮೂರುಗಾಲಿ ಸೈಕಲ್. ಅದು ಬಂದು ನಾಲ್ಕು ತಿಂಗಳಾಗಿತ್ತು. ಕಾಲಿನಿಂದ ನೆಲ ದೂಡಿಕೊಂಡು ಹೋಗುತ್ತಿದ್ದಳೇ ಹೊರತು ಪೆಡಲು ಬಂದಿರಲಿಲ್ಲ. ಹ್ಯಾಂಡಲಿಗೆ ಸೇವಂತಿಗೆ ಕಟ್ಟಿ, ಮುಂದಿನ ಚಕ್ರದ ಕೆಳಗೆ ಅಪ್ಪ ಒಂದು ನಿಂಬೆಹಣ್ಣು ಇಟ್ಟರು. ಚಿಕ್ಕ ಸೈಕಲ್ಲು, ಹಗುರ ಮಗು. ನಿಂಬೆಹಣ್ಣು ಜಗ್ಗುವುದಿಲ್ಲ. ಹಿಂದಿನಿಂದ ನೂಕಲೇ ಎಂದು ಇವರು ಬಗ್ಗಿದರೆ ಮಾವನವರು, "ತಡಿ, ಆಕಿ ಮಾಡ್ತಾಳ," ಎಂದರು. ಅವಳು ಕೆಳತುಟಿ ಕಚ್ಚಿ ಒಂದು ಕಾಲಿನಿಂದ ಪೆಡಲು ಒತ್ತಿದಳು. ಜಾರಿತು. ಮತ್ತೆ ಒತ್ತಿದಳು. ಚಕ್ರ ಏರಿತು, ನಿಂಬೆಹಣ್ಣು ಪಟ್ಟೆಂದು ಒಡೆಯಿತು, ಸೈಕಲ್ಲು ಮುಂದೆ ಸಾಗಿದ ರಭಸಕ್ಕೆ ಇನ್ನೊಂದು ಕಾಲು ತಾನಾಗಿ ಇನ್ನೊಂದು ಪೆಡಲನ್ನು ತುಳಿದಿತ್ತು. ಅಂಗಳದ ತುಳಸಿಕಟ್ಟೆಯವರೆಗೆ ಹೋಗಿ ನಿಂತಳು. ಏನಾಯಿತು ಎಂದು ಅವಳಿಗೇ ಗೊತ್ತಾಗಲಿಲ್ಲ. ನಾಲ್ಕು ಜನ ಅಜ್ಜ ಅಜ್ಜಿಯರು ಒಟ್ಟಿಗೆ ಚಪ್ಪಾಳೆ ಹೊಡೆದರು.

ವಿಜಯದಶಮಿಯ ಬೆಳಿಗ್ಗೆ ಅಕ್ಷರಾಭ್ಯಾಸ. ಮೂಲಾ ನಕ್ಷತ್ರದ ದಿನ ಸರಸ್ವತಿಯ ಮುಂದೆ ಇಟ್ಟ ಪುಸ್ತಕಗಳನ್ನು ಅವತ್ತೇ ತೆಗೆಯುವುದು. ಪುಟ್ಟಿಯ ಹಾಳೆ ಹರಿಯದ ದಪ್ಪ ಪುಸ್ತಕಗಳೂ ಅದರಲ್ಲಿದ್ದವು. ಕೈ ಹಿಡಿದು ಯಾರು ಬರೆಸಬೇಕು ಎಂಬ ಮಾತು ಬಂದಾಗ ಅಪ್ಪನೇ, "ಬೀಗರು ಬರೆಸಲಿ. ಅವರು ಮೇಷ್ಟ್ರು," ಎಂದು ಹಿಂದೆ ಸರಿದರು. ಮಾವನವರು ಮೂವತ್ತನಾಲ್ಕು ವರ್ಷ ಕನ್ನಡ ಸಾಲಿಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಎಷ್ಟು ನೂರು ಮಕ್ಕಳಿಗೆ ತಿದ್ದಿಸಿದ ಕೈಯೋ. ಅವತ್ತು ಆ ಕೈ ಸಣ್ಣಗೆ ನಡುಗುತ್ತಿತ್ತು. ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರಡಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬೆರಳಿಗೆ ಅರಿಶಿನದ ಕೊಂಬು ಹಿಡಿಸಿ, "ಓಂ ನಮಃ ಸಿದ್ಧಂ" ಎಂದರು. ಹಿಂದಿನ ಕಾಲದ ಮಕ್ಕಳೆಲ್ಲ ಮೊದಲು ಬರೆದದ್ದು ಇದನ್ನೇ. ನಾವು ಯಾವುದನ್ನಾದರೂ ಮೊದಲು ಮಾಡುವುದಕ್ಕೆ ಓನಾಮ ಹಾಕುವುದು ಅನ್ನುವ ಮಾತು ಬಂದದ್ದೂ ಇದರಿಂದಲೇ. ಅಕ್ಕಿಯಲ್ಲಿ ಗೆರೆ ಮೂಡುತ್ತಾ ಹೋಯಿತು. ಶ್ರೀ. ಆಮೇಲೆ ಅ. ಆಮೇಲೆ ಆ. ಮೂರನೆಯದು ಮುಗಿದಾಗ ಮಾವನವರು ಕೈ ಬಿಟ್ಟರು. ಪುಟ್ಟಿ ನಿಲ್ಲಿಸಲಿಲ್ಲ. ಒಂದು ಸುತ್ತು ಎಳೆದಳು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. "ಚಕ್ಲಿ," ಎಂದಳು. "ಬರೋಬರಿ ಅದ," ಎಂದರು ಮೇಷ್ಟ್ರು. ಅವರು ಕಣ್ಣು ಒರೆಸಿಕೊಂಡದ್ದನ್ನು ನಾವೆಲ್ಲ ನೋಡದವರಂತೆ ನಟಿಸಿದೆವು. ಆ ಅಕ್ಕಿಯಿಂದ ಮಧ್ಯಾಹ್ನ ಪಾಯಸವಾಯಿತು.

ಮೆರವಣಿಗೆಗೆ ಈ ಸಲ ಯಾರೂ ಹೋಗಲಿಲ್ಲ. ಮನೆಯಲ್ಲೇ ಟಿವಿ ಮುಂದೆ ಚಾಪೆ ಹಾಸಿ ಕೂತೆವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ಹಬ್ಬ ನಮ್ಮ ಮನೆಯಲ್ಲಿ ಅವಲಕ್ಕಿ ಒಗ್ಗರಣೆ ಜೊತೆಗೆ ನಡೆಯಿತು. ಅಂಬಾರಿಗೆ ಪುಷ್ಪಾರ್ಚನೆಯಾಗುವ ಹೊತ್ತಿಗೆ ಕುಶಾಲತೋಪು. ಟಿವಿಯಲ್ಲಿ ಕೇಳುವ ಸದ್ದಿನ ಜೊತೆಗೇ ಅರಮನೆಯ ದಿಕ್ಕಿನಿಂದ ಬಂದ ಸದ್ದಿಗೆ ಕಿಟಕಿಯ ಗಾಜು ಅದುರಿತು. ಪುಟ್ಟಿ ಮೊದಲ ಸದ್ದಿಗೆ ನನ್ನ ಮಡಿಲು ಸೇರಿದಳು, ಐದನೆಯದಕ್ಕೆ ಎದ್ದು ಕಿಟಕಿಯ ಹತ್ತಿರ ಹೋದಳು. ಟಿವಿಯಲ್ಲಿ ಅಭಿಮನ್ಯು ಕಂಡಾಗ, "ಪಾಪು ತೊಟ್ಟಿಲು," ಎಂದು ಅಜ್ಜನಿಗೆ ತೋರಿಸಿದಳು. ಅಂಬಾರಿಯೊಳಗೆ ಕೂತ ತಾಯಿ ಚಾಮುಂಡಿಗೆ ಅಮ್ಮ ಕೂತಲ್ಲಿಂದಲೇ ಕೈಮುಗಿದಳು.

ದೀಪ ಹಚ್ಚಿದ ಮೇಲೆ ಅತ್ತೆ ಬನ್ನಿ ಹಂಚಿದರು. ಚಿಕ್ಕವರು ದೊಡ್ಡವರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳಬೇಕು. "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದು ಅತ್ತೆ ಹೇಳಿಕೊಟ್ಟದ್ದನ್ನು ಪುಟ್ಟಿ "ಬನ್ನಿ ಬಂಗಾರ" ಎಂದಷ್ಟೇ ಮಾಡಿ, ನಾಲ್ಕು ಅಜ್ಜ ಅಜ್ಜಿಯರ ಕೈಗೂ ಒಂದೊಂದು ಎಲೆ ಇಟ್ಟಳು. ಐದು ದಿನ ಕಳೆದರೆ ಶೀಗಿ ಹುಣ್ಣಿಮೆ. ನಾವೂ ಅವರ ಜೊತೆ ಧಾರವಾಡಕ್ಕೆ ಹೊರಡುವುದೆಂದು, ಹೊಲಕ್ಕೆ ಬುತ್ತಿ ಒಯ್ದು ಭೂಮಿತಾಯಿಗೆ ಚರಗ ಚೆಲ್ಲುವುದನ್ನು ಮಗುವಿಗೆ ತೋರಿಸುವುದೆಂದು ಊಟದ ಹೊತ್ತಿಗೆ ತೀರ್ಮಾನವಾಯಿತು. ಅಮ್ಮ, ಅಪ್ಪನೂ ಬರಬೇಕೆಂದು ಅತ್ತೆಯ ಹಟ. ಅಮ್ಮ ನೋಡೋಣ ಎಂದಳು. ಅವಳ ನೋಡೋಣ ಎಂದರೆ ಹೌದು.

ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸುವ ಶಾಸ್ತ್ರ. ಆರತಿ ಎತ್ತಿ, ರಾಜ ರಾಣಿಯರನ್ನು ಮೆಟ್ಟಿಲ ಮೇಲೆಯೇ ಒರಗಿಸಿ ಮಲಗಿಸುವುದು. ಮಾರನೆಯ ದಿನ ಟ್ರಂಕಿಗೆ. ಏಳನೆಯ ಮೆಟ್ಟಿಲು ಪುಟ್ಟಿಗೆ ಎಟುಕದು. ಇವರು ಎತ್ತಿ ಹಿಡಿದರು. ಅವಳು ನನ್ನ ಜೊತೆಯನ್ನು ಮಲಗಿಸಿದಳು, ಅಮ್ಮನ ಜೊತೆಯನ್ನು ಮಲಗಿಸಿದಳು. ಮುತ್ತಜ್ಜಿಯ ರಾಣಿಯನ್ನು ಕೈಗೆತ್ತಿಕೊಂಡವಳು ಸವೆದ ಆ ಮೂಗನ್ನು ಒಂದು ಸಲ ಬೆರಳಿನಿಂದ ಸವರಿ, ಪಕ್ಕದಲ್ಲಿ ಮೆಲ್ಲಗೆ ಇಟ್ಟಳು. ಆಮೇಲೆ ತನ್ನ ಅಪ್ಪನ ಹೆಗಲಿನಿಂದ ಅತ್ತಿತ್ತ ನೋಡಿ ಹೊದಿಕೆ ಕೇಳಿದಳು. ಅಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಕರ್ಚೀಫು ತೆಗೆದು ಕೊಟ್ಟಳು. ಒಂದೇ ಕರ್ಚೀಫು, ಆರು ಬೊಂಬೆ. ಈ ಕಡೆ ಎಳೆದರೆ ಆ ಕಡೆ ಸಾಲದು. ಮೂವರು ರಾಣಿಯರನ್ನು ಒತ್ತಾಗಿ ಸರಿಸಿ, ಮೂವರಿಗೂ ಹೊದಿಸಿ, ಕೆಳಗಿಳಿದು ಬಂದು ನಡುಮನೆಯ ದೀಪ ಆರಿಸಲು ಹೇಳಿದಳು.